ಅಟ್ಟದ ಮೇಲಿರಬಹುದಾದ ಮೊದಲ ಹತ್ತು

ಅಮರ ಚಿತ್ರಕಥೆಯ ಹಳೆಯ ಇಂಗ್ಲಿಷ್ ಸಂಚಿಕೆಗಳನ್ನು ಹುಡುಕಿ ಕೂಡಿಡುವವರು ತಮ್ಮ ಸಾಲನ್ನು 11ರಿಂದ ಜೋಡಿಸುತ್ತಾ ಬರುತ್ತಾರೆ. ಹನ್ನೊಂದನೆಯದು ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’. ಹಾಗಾದರೆ ಅದರ ಹಿಂದಿನ ಹತ್ತು? ಆ ಹತ್ತು ಕನ್ನಡದವು. ಈ ಮಾತು ಕೇಳಿದ ದಿನದಿಂದ ನನಗೆ ಸಕಲೇಶಪುರ–ಆಲೂರು ಕಡೆಯ ಯಾವ ಹಳೆಯ ಮನೆಗೆ ಹೋದರೂ ಕಣ್ಣು ಮೊದಲು ಅಟ್ಟದ ಕಡೆಗೇ ಹೋಗುತ್ತದೆ.

ಕಥೆ 1965ರದ್ದು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಕೆಲಸ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರಿಗೆ ಕನ್ನಡದ ಮಕ್ಕಳ ಕೈಗೂ ಬಣ್ಣದ ಚಿತ್ರಕಥೆ ಕೊಡಬೇಕು ಎನಿಸಿತು. ಹೊರದೇಶದ ಕಿನ್ನರಕಥೆಗಳನ್ನೇ ಆರಿಸಿಕೊಂಡು, ಮಾತುಗಳನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸಿದರು. ಸಿಂಡರೆಲ್ಲಾ ಬಂದಳು. ಹುರುಳಿ ಬಳ್ಳಿ ಹತ್ತಿ ಮೋಡದಾಚೆ ಹೋದ ಜ್ಯಾಕ್ ಬಂದ. ಕೆಂಪು ಟೋಪಿಯ ಹುಡುಗಿ, ಮೂರು ಹಂದಿಮರಿಗಳು, ಅಲ್ಲಾದೀನ, ಮರದ ಬೊಂಬೆ ಪಿನೋಕಿಯೊ, ಏಳು ಕುಳ್ಳರ ಜೊತೆಗಿನ ರಾಜಕುಮಾರಿ, ನೂರು ವರ್ಷ ಮಲಗಿದ ಇನ್ನೊಬ್ಬ ರಾಜಕುಮಾರಿ, ಓಜ್ ದೇಶದ ಮಾಂತ್ರಿಕ, ಎಲ್ಲರೂ ಕನ್ನಡ ಮಾತಾಡುತ್ತಾ ಬಂದರು. ಆಮೇಲೆ ಸರಣಿ ಮುಂಬೈಯಲ್ಲಿ ನೆಲೆ ನಿಂತಿತು, ಇಂಗ್ಲಿಷಿಗೆ ಹೊರಳಿತು, ಪುರಾಣ–ಚರಿತ್ರೆಗಳ ದಾರಿ ಹಿಡಿಯಿತು. ಅದನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ದೆಹಲಿಯ ಟೀವಿ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೊಳೆಯಲಿಲ್ಲ, ಅದನ್ನು ಕಂಡು ಪೈ ಈ ಕೆಲಸಕ್ಕೆ ಇಳಿದರು ಎಂಬ ಪ್ರಸಂಗವನ್ನೇ ಎಲ್ಲರೂ ಹೇಳುತ್ತಾರೆ. ಪೈ ಅವರ ದುಡಿಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರಸಂಗದ ನೆರಳಿನಲ್ಲಿ ಅನಂತರಾಮ್ ಅವರ ಹತ್ತು ಪುಸ್ತಕಗಳು ಮರೆಯಾದವು. ಕೋಟಿಗಟ್ಟಲೆ ಪ್ರತಿ ಮಾರಾಟವಾದ ಸರಣಿಯ ಬುಡ ಕನ್ನಡದಲ್ಲಿದೆ ಎನ್ನುವುದನ್ನು ನಾವೇ ಜೋರಾಗಿ ಹೇಳಿಕೊಂಡಿಲ್ಲ.

ಆ ಹತ್ತರಲ್ಲಿ ನನ್ನ ಮನಸ್ಸು ಹೆಚ್ಚು ಸುತ್ತುವುದು ಓಜ್ ಮಾಂತ್ರಿಕನ ಸುತ್ತ. ಇಂಗ್ಲಿಷಿನಲ್ಲಿ ಅದರ ಮೊದಲ ಮುದ್ರಣ 1900ರಲ್ಲಿ ಶಿಕಾಗೊದ ಜಾರ್ಜ್ ಎಂ. ಹಿಲ್ ಕಂಪನಿಯಿಂದ ಬಂತು. ಕಥೆ ಎಲ್. ಫ್ರಾಂಕ್ ಬಾಮ್ ಅವರದು, ಚಿತ್ರ ಡಬ್ಲ್ಯು.ಡಬ್ಲ್ಯು. ಡೆನ್‌ಸ್ಲೋ ಅವರದು. 24 ಬಣ್ಣದ ಪುಟಗಳಲ್ಲದೆ, ಕಥೆಯ ಹುಡುಗಿ ಡೊರೊಥಿ ಊರಿಂದೂರಿಗೆ ನಡೆದಂತೆ ಅಕ್ಷರಗಳ ನಡುವಿನ ಚಿತ್ರಗಳ ಬಣ್ಣವೂ ಬದಲಾಗುತ್ತದೆ. ಕುಳ್ಳರ ನಾಡಿನಲ್ಲಿ ನೀಲಿ, ಪಚ್ಚೆಯ ಪಟ್ಟಣದಲ್ಲಿ ಹಸಿರು. ಆ ಮುದ್ರಣದಲ್ಲೂ ಯಾವುದು ಮೊದಲು ಹೊರಬಿದ್ದ ಪ್ರತಿ ಎಂದು ತಿಳಿಯಲು ಸಂಗ್ರಾಹಕರು ಕೊನೆಯ ಪುಟದ ಮುದ್ರಣ ವಿವರದ ಸಾಲುಗಳನ್ನು ಎಣಿಸುತ್ತಾರೆ. 11 ಸಾಲಿದ್ದರೆ ಮೊದಲಿನದು, 13 ಇದ್ದರೆ ಆಮೇಲಿನದು. ಲೂಯಿಸ್ ಕೆರೋಲ್‌ನ ಆಲಿಸ್ ಕಥೆಯಂತೂ ಇನ್ನೂ ವಿಚಿತ್ರ. 1865ರ ಮೊದಲ ಅಚ್ಚು ತನ್ನ ಚಿತ್ರಗಳನ್ನು ಕೆಡಿಸಿದೆ ಎಂದು ಚಿತ್ರಕಾರ ಟೆನಿಯಲ್ ಬೇಸರಪಟ್ಟದ್ದಕ್ಕೆ 2000 ಪ್ರತಿಗಳ ಆ ಮುದ್ರಣವನ್ನೇ ಹಿಂದಕ್ಕೆ ಪಡೆದರು. ಇಂಗ್ಲೆಂಡಿನಲ್ಲಿ ಅಷ್ಟರೊಳಗೆ ಹೊರಬಿದ್ದ ಬೆರಳೆಣಿಕೆಯ ಪ್ರತಿಗಳಿಗೆ ಇವತ್ತು ಚಿನ್ನದ ಬೆಲೆ. ಆಲಿಸ್ ಕೂಡ ಕನ್ನಡಕ್ಕೆ ಬಂದಿದ್ದಾಳೆ, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ.

ಕನ್ನಡದ ಹಳೆಯ ಮಕ್ಕಳ ಪುಸ್ತಕಕ್ಕೆ ಹಾಗೆ ಸಾಲು ಎಣಿಸಿಟ್ಟ ಕೈಪಿಡಿಯಿಲ್ಲ. ಎಷ್ಟೋ ಪುಸ್ತಕಗಳಲ್ಲಿ ವರ್ಷವೇ ಇರುವುದಿಲ್ಲ. ಇದ್ದರೂ ಮಕ್ಕಳು ಹರಿದ ಮೊದಲ ಪುಟದ ಜೊತೆ ಅದೂ ಹೋಗಿರುತ್ತದೆ. ಆಗ ನೆರವಿಗೆ ಬರುವುದು ಹಿಂಬದಿಯ ರಟ್ಟಿನ ಬೆಲೆ. ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದೆಂದು ಖಚಿತ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನದೆಂದು ನಂಬಬಹುದು. ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದಾಗ ಅಕ್ಷರ ಉಬ್ಬಿಕೊಂಡು ತಾಗಿದರೆ ಅದು ಮೊಳೆ ಜೋಡಿಸಿ ಅಚ್ಚು ಒತ್ತಿದ ಕಾಲದ್ದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ನಮ್ಮ ಮಳೆಯೊಡನೆ ಗುದ್ದಾಟ. ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್‌ವರೆಗೂ ಬಿಡದ ಊರು ಸಕಲೇಶಪುರ. ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಅಗ್ಗದ ಕಾಗದದ ಪುಸ್ತಕ ಏನು ಮಾಡೀತು? ಪುಟಗಳು ಒಂದಕ್ಕೊಂದು ಅಂಟುತ್ತವೆ, ಬೈಂಡಿನ ಅಂಟಿಗೆ ಬೆಳ್ಳಿಹುಳ ಬರುತ್ತದೆ, ಪಿನ್ನು ತುಕ್ಕು ಹಿಡಿದು ನಡುಪುಟ ಕೆಂಪಾಗಿ ಉದುರುತ್ತದೆ. ಆದರೂ ಮಲೆನಾಡಿನ ಕೆಲವು ಮನೆಗಳಲ್ಲಿ ಕಾಗದ ಉಳಿದಿದೆ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಒಲೆಯ ಶಾಖ, ಹೊಗೆ ಎರಡೂ ತಾಗುತ್ತಿದ್ದವು. ಹೊಗೆಗೆ ಪುಟ ಹಳದಿಯಾಗುತ್ತಿತ್ತು, ಹುಳ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲೂ ಹೋಯಿತು.

ಅಂಥ ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ‘ಚಂದಮಾಮ’. ವರ್ಷದ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಹೊಲಿದು, ರಟ್ಟು ಹಾಕಿಸಿ ಇಡುತ್ತಿದ್ದರು. ನಾಗಿರೆಡ್ಡಿ, ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮನನ್ನು ಶಂಕರ್ ಬಿಡಿಸಿದರು. ದಾಸರಿ ಸುಬ್ರಹ್ಮಣ್ಯಂ ಬರೆದ ಮಾಂತ್ರಿಕರ, ದ್ವೀಪಗಳ, ಪಾಳು ಕೋಟೆಗಳ ಧಾರಾವಾಹಿಗಳಿಗೆ ಚಿತ್ರಾ ಎಂಬ ಕಲಾವಿದರು ರೂಪ ಕೊಟ್ಟರು. ಮಹಾಭಾರತದ ಮುಖಪುಟಗಳು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರವು. ಬೈಂಡ್ ಮಾಡಿಸುವಾಗ ಆ ಮುಖಪುಟಗಳನ್ನೇ ಕಿತ್ತುಹಾಕುವ ರೂಢಿ ಕೆಲವು ಕಡೆ ಇತ್ತು. ಆಚಾರ್ಯರ ಒಂದು ಹಾಳೆಗಾಗಿ ಊರೂರು ಅಲೆಯುವವರನ್ನು ಕಂಡಾಗ ಆ ಕತ್ತರಿ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಇವನ್ನೆಲ್ಲ ಇಡುವುದೆಲ್ಲಿ? 1954ರ ಕಾನೂನಿನಂತೆ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಆದರೆ ಪುಟಾಣಿ ಪುಸ್ತಕವನ್ನು ಪುಸ್ತಕವೆಂದು ಲೆಕ್ಕಿಸುವವರೇ ಕಡಿಮೆ. ನಮ್ಮ ಗುಡ್ಡದಿಂದ ಇಳಿದು ಹೋದರೆ ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಬಸ್ ಕಂಡಕ್ಟರ್ ಆಗಿದ್ದಾಗಲೇ ಪುಸ್ತಕ ಕೊಳ್ಳಲು ತೊಡಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ಸಂಬಳವನ್ನೂ ಅದಕ್ಕೇ ಸುರಿದವರು. ಲಕ್ಷಗಟ್ಟಲೆ ಪುಸ್ತಕಗಳು ಕಪಾಟು ತುಂಬಿ ನೆಲಕ್ಕೂ ಇಳಿದಿವೆ, ಮೂಟೆಯಲ್ಲೂ ಇವೆ. ಯಾರು ಬೇಕಾದರೂ ಹೋಗಿ ಓದಬಹುದು. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಇಷ್ಟು ಮಾಡಬಲ್ಲನಾದರೆ ಒಂದು ತಾಲ್ಲೂಕಿನ ಗ್ರಂಥಾಲಯ ಮಕ್ಕಳ ಹಳೆಯ ಪುಸ್ತಕಕ್ಕಾಗಿ ಒಣಗಿದ ಒಂದು ಕಪಾಟು ಕೊಡಲಾರದೆ?

ಹೀಗೆ ಕೇಳಲು ಕಾರಣವಿದೆ. ಸಕಲೇಶಪುರ, ಆಲೂರಿನ ಹಳೆಯ ತೋಟದ ಮನೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ನೆಲಕ್ಕೆ ಟೈಲ್ಸ್ ಬೀಳುವ ಮೊದಲು ಖಾಲಿಯಾಗುವುದು ಅಟ್ಟ. ಹಿತ್ತಾಳೆಯ ಕೊಳಗಕ್ಕೆ, ಬೀಟೆಯ ಮಂಚಕ್ಕೆ ಗಿರಾಕಿ ಇದ್ದಾರೆ. ಪುಸ್ತಕದ ಕಟ್ಟು ಗುಜರಿಯವರ ತಕ್ಕಡಿಗೆ ಹೋಗುತ್ತದೆ. 1965ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳು ಈಗ ಎಪ್ಪತ್ತು ದಾಟಿದ್ದಾರೆ. ಸಂತೆಗೆ ಹೋದ ಅಪ್ಪ ತಂದುಕೊಟ್ಟರೋ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಠ ಮಾಡಿ ಕೊಂಡರೋ, ಆ ಕನ್ನಡದ ಡೊರೊಥಿಯನ್ನು ಕಂಡವರು ಅವರಲ್ಲಿ ಕೆಲವರಾದರೂ ಇದ್ದಾರು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಭಾನುವಾರ ಪಕ್ಕದಲ್ಲಿ ಕೂತು ಕೇಳಿ. ಪುಸ್ತಕದ ಹೆಸರು ಬೇಡ, ರಟ್ಟಿನ ಮೇಲೆ ಯಾವ ಚಿತ್ರವಿತ್ತು ಎಂದು ಕೇಳಿ. ಅದು ಅವರಿಗೆ ಮರೆತಿರುವುದಿಲ್ಲ.