ಸಿಲಿಂಡರ್‌ನ ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ

ಸಿಲಿಂಡರ್ ಅಥವಾ ಸ್ತಂಭಾಕೃತಿಯು ಪರಸ್ಪರ ಸಮಾಂತರವಾದ ಎರಡು ಸರ್ವಸಮ ವೃತ್ತಾಕಾರದ ಪಾದಗಳನ್ನೂ ಅವುಗಳನ್ನು ಜೋಡಿಸುವ ಒಂದು ವಕ್ರ ಮೇಲ್ಮೈಯನ್ನೂ ಹೊಂದಿರುವ ಘನಾಕೃತಿ. ಪಾದಗಳ ಕೇಂದ್ರಗಳನ್ನು ಸೇರಿಸುವ ರೇಖೆಯು ಪಾದಗಳಿಗೆ ಲಂಬವಾಗಿದ್ದರೆ ಅದನ್ನು ನೇರ ವೃತ್ತ ಸಿಲಿಂಡರ್ ಎನ್ನುತ್ತಾರೆ. ಪಾದದ ತ್ರಿಜ್ಯ ಮತ್ತು ಎತ್ತರ ಎಂಬ ಎರಡು ಅಳತೆಗಳು ತಿಳಿದಿದ್ದರೆ ಇದರ ಮೇಲ್ಮೈ ವಿಸ್ತೀರ್ಣ ಹಾಗೂ ಘನಫಲಗಳನ್ನು ಕಂಡುಹಿಡಿಯಬಹುದು.

ಮೇಲ್ಮೈ ವಿಸ್ತೀರ್ಣ

ವಕ್ರ ಮೇಲ್ಮೈಯನ್ನು ಎತ್ತರದ ಉದ್ದಕ್ಕೂ ಕತ್ತರಿಸಿ ಬಿಡಿಸಿದರೆ ಒಂದು ಆಯತ ದೊರೆಯುತ್ತದೆ. ಆಯತದ ಉದ್ದವು ಪಾದದ ಪರಿಧಿಗೂ, ಅಗಲವು ಸಿಲಿಂಡರ್‌ನ ಎತ್ತರಕ್ಕೂ ಸಮವಾಗಿರುತ್ತದೆ. ಆದ್ದರಿಂದ,

ವಕ್ರ ಮೇಲ್ಮೈ ವಿಸ್ತೀರ್ಣ = 2 × ಪೈ × ತ್ರಿಜ್ಯ × ಎತ್ತರ

ಇದಕ್ಕೆ ಎರಡು ಪಾದಗಳ ವಿಸ್ತೀರ್ಣವನ್ನು ಕೂಡಿಸಿದಾಗ,

ಪೂರ್ಣ ಮೇಲ್ಮೈ ವಿಸ್ತೀರ್ಣ = 2 × ಪೈ × ತ್ರಿಜ್ಯ × (ತ್ರಿಜ್ಯ + ಎತ್ತರ)

ಮುಚ್ಚಳವಿಲ್ಲದ ಪಾತ್ರೆಗೆ ಒಂದೇ ಪಾದವನ್ನು ಸೇರಿಸಬೇಕು. ಎರಡೂ ತುದಿ ತೆರೆದಿರುವ ತೆಳುವಾದ ಕೊಳವೆಯ ಹೊರಮೈಗೆ ಬಣ್ಣ ಬಳಿಯುವ ಲೆಕ್ಕದಲ್ಲಿ ವಕ್ರ ಮೇಲ್ಮೈ ಮಾತ್ರ ಸಾಕು.

ಘನಫಲ

ಸಿಲಿಂಡರ್ ಅನ್ನು ಒಂದರ ಮೇಲೊಂದು ಪೇರಿಸಿದ ಸಮಾನ ಬಿಲ್ಲೆಗಳ ರಾಶಿಯೆಂದು ಭಾವಿಸಬಹುದು. ಪ್ರತಿ ಅಡ್ಡಕೊಯ್ತವೂ ಪಾದದಷ್ಟೇ ವಿಸ್ತೀರ್ಣವುಳ್ಳದ್ದಾದುದರಿಂದ, ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಘನಫಲ ದೊರೆಯುತ್ತದೆ.

ಘನಫಲ = ಪೈ × ತ್ರಿಜ್ಯ × ತ್ರಿಜ್ಯ × ಎತ್ತರ

ಬಿಲ್ಲೆಗಳ ರಾಶಿಯನ್ನು ಓರೆಯಾಗಿ ಸರಿಸಿದರೂ ಘನಫಲ ಬದಲಾಗುವುದಿಲ್ಲ. ಆದುದರಿಂದ ಓರೆ ಸಿಲಿಂಡರ್‌ಗೂ ಇದೇ ಸೂತ್ರ ಅನ್ವಯಿಸುತ್ತದೆ. ಆದರೆ ಅಲ್ಲಿ ಲಂಬ ಎತ್ತರವನ್ನೇ ಬಳಸಬೇಕು.

ಉದಾಹರಣೆ

44 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲದ ತಗಡನ್ನು ಎರಡು ರೀತಿಯಲ್ಲಿ ಸುರುಳಿ ಸುತ್ತಬಹುದು. ಪೈ ಬೆಲೆಯನ್ನು 22/7 ಎಂದು ಇಟ್ಟುಕೊಂಡರೆ,

1. ಪರಿಧಿ 44 ಸೆಂ.ಮೀ. ಆದಾಗ ತ್ರಿಜ್ಯ 7, ಎತ್ತರ 22 ಸೆಂ.ಮೀ.; ಘನಫಲ 3388 ಘನ ಸೆಂ.ಮೀ.
2. ಪರಿಧಿ 22 ಸೆಂ.ಮೀ. ಆದಾಗ ತ್ರಿಜ್ಯ 3.5, ಎತ್ತರ 44 ಸೆಂ.ಮೀ.; ಘನಫಲ 1694 ಘನ ಸೆಂ.ಮೀ.

ಎರಡರಲ್ಲೂ ವಕ್ರ ಮೇಲ್ಮೈ ವಿಸ್ತೀರ್ಣ 968 ಚದರ ಸೆಂ.ಮೀ. ಆದರೂ ಮೊದಲನೆಯದರ ಘನಫಲ ಎರಡನೆಯದರ ಎರಡರಷ್ಟಿದೆ. ಘನಫಲವು ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಎತ್ತರ ಇಮ್ಮಡಿಯಾದರೆ ಘನಫಲ ಇಮ್ಮಡಿಯಾಗುತ್ತದೆ. ತ್ರಿಜ್ಯ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. 1000 ಘನ ಸೆಂ.ಮೀ. ಒಂದು ಲೀಟರ್‌ಗೆ ಸಮವಾದುದರಿಂದ, ತಳ ಹಚ್ಚಿದರೆ ಮೊದಲ ಪಾತ್ರೆಯಲ್ಲಿ 3.388 ಲೀಟರ್ ನೀರು ಹಿಡಿಯುತ್ತದೆ.

ನಿರ್ದಿಷ್ಟ ಘನಫಲದ ಮುಚ್ಚಿದ ಡಬ್ಬಿಗೆ ಅತ್ಯಂತ ಕಡಿಮೆ ಮೇಲ್ಮೈ ಬೇಕಾಗುವುದು ಅದರ ಎತ್ತರವು ವ್ಯಾಸಕ್ಕೆ ಸಮವಾಗಿದ್ದಾಗ.

ಇತಿಹಾಸ

ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್, ಗೋಳವೊಂದನ್ನು ಸರಿಯಾಗಿ ಒಳಗೊಳ್ಳುವ ಸಿಲಿಂಡರ್‌ನ ಘನಫಲದಲ್ಲಿ ಮೂರನೆಯ ಎರಡು ಭಾಗವು ಗೋಳದ ಘನಫಲವೆಂದು ಸಾಧಿಸಿದನು. ಪೂರ್ಣ ಮೇಲ್ಮೈ ವಿಸ್ತೀರ್ಣಗಳ ನಡುವೆಯೂ ಇದೇ ಅನುಪಾತವಿದೆ. ಅವನ ಸಮಾಧಿಯ ಮೇಲೆ ಗೋಳ ಮತ್ತು ಸಿಲಿಂಡರ್‌ನ ಆಕೃತಿಗಳಿದ್ದವು; ಆ ಗುರುತಿನಿಂದಲೇ ರೋಮನ್ ವಾಗ್ಮಿ ಸಿಸಿರೋ ಕ್ರಿ.ಪೂ. 75ರಲ್ಲಿ ಸಿಸಿಲಿಯ ಸಿರಕ್ಯೂಸ್‌ನಲ್ಲಿ ಸಮಾಧಿಯನ್ನು ಪತ್ತೆಹಚ್ಚಿದುದಾಗಿ ಬರೆದಿದ್ದಾನೆ.