ಕಾಂಗ್ರೆಸ್ ಬಾವಿಯ ಖರ್ಚು

ಬೆಳಗಾವಿ ಟಿಳಕವಾಡಿಯ ಕಾಂಗ್ರೆಸ್ ಬಾವಿ ತೋಡಿಸಲು 1924ರಲ್ಲಿ ತಗುಲಿದ್ದು 4,370 ರೂಪಾಯಿ 3 ಆಣೆ. ಆ ಡಿಸೆಂಬರಿನಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದಕ್ಕೇ. ಬಯಲಿಗೆ ಸಾವಿರಾರು ಜನ ಬಂದಿಳಿಯುವವರಿದ್ದರು. ಚಪ್ಪರ, ಊಟ ಆಮೇಲಿನ ಮಾತು, ಮೊದಲು ನೀರು ಬೇಕಲ್ಲ! ಗಂಗಾಧರರಾವ್ ದೇಶಪಾಂಡೆಯವರ ಬಳಗ ಬಾವಿಗೇ ಕೈಹಾಕಿತು. ಬಯಲಿಗೆ ವಿಜಯನಗರವೆಂದು ಹೆಸರಿಟ್ಟು, ಹಂಪಿಯ ಗೋಪುರದಂಥ ಮಹಾದ್ವಾರ ನಿಲ್ಲಿಸಿದವರು ಬಾವಿಯನ್ನು ಪಂಪಾ ಸರೋವರ ಎಂದು ಕರೆದರು.

ನೀರಿನ ಕೆಲಸ ದುಡ್ಡಿನಿಂದ ಆಯಿತು. ಕಕ್ಕಸಿನದು ಹಾಗಲ್ಲ. ಅಷ್ಟು ಜನರ ಮಲ ಎತ್ತುವವರು ಯಾವ ಜಾತಿಯವರೆಂದು ಆ ಕಾಲದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಬೆಳಗಾವಿಯಲ್ಲಿ ಅದನ್ನು ತಲೆಕೆಳಗು ಮಾಡುವ ಪ್ರಯತ್ನ ನಡೆಯಿತು. ಶೌಚದ ಹೊಣೆ ಕಾಕಾ ಕಾಲೇಲ್ಕರರದು; ಅವರ ಸ್ವಯಂಸೇವಕರಲ್ಲಿ ಬ್ರಾಹ್ಮಣರೂ ಇದ್ದರು. ಆದರೆ ಅದೇ ಬಯಲಿನಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್‌ಗೆ ಇದ್ದ ಅಳುಕು ಹಾಡಿನದಲ್ಲ. ಕೀಳು ಜಾತಿಯವಳೆಂದು ಊಟವಾದ ಮೇಲೆ ಎಂಜಲು ಬಳಿಯಲು ಹೇಳುತ್ತಾರೇನೋ ಎಂಬುದು. ಮುಂದೆ ಅವರೇ ಇದನ್ನು ನೆನೆಸಿಕೊಂಡಿದ್ದಾರೆ. ಸ್ವಯಂಸೇವಕರ ಉತ್ಸಾಹದ ಬಗ್ಗೆ ಓದುವಾಗಲೆಲ್ಲ ನನಗೆ ಆ ಹುಡುಗಿಯೇ ನೆನಪಾಗುತ್ತಾಳೆ.

ಡೇರೆ ಬಿಚ್ಚಿದ ಮೇಲೆ ಬಾವಿ ಉಳಿಯಿತು, ಸ್ವಯಂಸೇವಕರ ದಳ ಉಳಿಯಲಿಲ್ಲ. ಊರಿಗೆ ರಕ್ಕಸಕೊಪ್ಪದಿಂದ, ಆಮೇಲೆ ಹಿಡಕಲ್‌ನಿಂದ ನಲ್ಲಿ ನೀರು ಬಂದಿತು, ಬಾವಿಗಳನ್ನು ಕೇಳುವವರಿಲ್ಲದಾಯಿತು. 1990ರ ದಶಕದಲ್ಲಿ ನೀರಿಗೆ ತತ್ವಾರವಾದಾಗ ಮತ್ತೆ ಹೂಳೆತ್ತಿಸಿದರು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಸಿಕ್ಕಿತು.

ಇದೆಲ್ಲ ಮನೆಯೊಳಗಿನ ನಲ್ಲಿಯ ಕಥೆ. ರಾಮತೀರ್ಥ ನಗರದಂಥ ಬಡಾವಣೆಯಲ್ಲಿ ಮನೆ ಕಟ್ಟುವವರು ನಲ್ಲಿ, ಕಕ್ಕಸು ಎರಡನ್ನೂ ನಕ್ಷೆಯಲ್ಲೇ ತೋರಿಸುತ್ತಾರೆ. ಖಾನಾಪುರದ ಹಳ್ಳಿಯಿಂದ ಖಡೇಬಜಾರಿಗೆ ಬರುವ ಹೆಣ್ಣುಮಗಳಿಗೆ ಬೇಕಾದದ್ದು ಬೀದಿಯಲ್ಲಿರಬೇಕು. ಪೇಟೆಯಲ್ಲಿ ಬಾಟಲಿ ನೀರು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕುಡಿದರೆ ಆಮೇಲೆ ಎಲ್ಲಿಗೆ ಹೋಗುವುದೆಂದು ಎಷ್ಟೋ ಹೆಂಗಸರು ಮನೆ ಬಿಡುವ ಮೊದಲೇ ನೀರು ಬಿಟ್ಟಿರುತ್ತಾರೆ. ಶೌಚಾಲಯ ಕಟ್ಟಿಸುವುದು ಸುಲಭ, ಉದ್ಘಾಟನೆ ಇನ್ನೂ ಸುಲಭ. ಅದಕ್ಕೆ ನೀರಿನ ಬಿಲ್ಲು, ಗುಡಿಸುವವರ ಪಗಾರ ಎಂಬ ಎರಡು ಬಾಬತ್ತು ಪಾಲಿಕೆಯ ಬಜೆಟ್ಟಿನಲ್ಲಿ ಪ್ರತಿ ವರ್ಷ ಇವೆಯೇ ಎಂದು ವಾರ್ಡಿನ ಸದಸ್ಯರನ್ನು ಕೇಳಬೇಕು.