ದೊಡ್ಡ ಮಾದರಿ ವಿಮಾನ: ಸ್ವಿಚ್ಚಿನಲ್ಲಿ ಜಿಪುಣತನ ಬೇಡ

ಪೆಟ್ರೋಲ್ ಎಂಜಿನಿನ ದೊಡ್ಡ ಮಾದರಿ ವಿಮಾನಕ್ಕೆ ಧಾರಾಳ ಖರ್ಚು ಮಾಡುವ ಹವ್ಯಾಸಿಗಳೂ ಸ್ವಿಚ್ ಕೊಳ್ಳುವಾಗ ಚೌಕಾಸಿಗಿಳಿಯುವುದುಂಟು. ಆದರೆ ರಿಮೋಟಿನ ಸಂಕೇತ ಪಡೆಯುವ ರಿಸೀವರಿಗೆ ವಿದ್ಯುತ್ ನಿಂತರೆ, ಹತ್ತು ಕಿಲೋ ತೂಕದ ವಿಮಾನ ಎಂಜಿನ್ ಓಡುತ್ತಿರುವಂತೆಯೇ ಜನರ ಮೇಲೆರಗಬಹುದು.

ಆದ್ದರಿಂದ ರಿಸೀವರಿಗೆ 2 ಬ್ಯಾಟರಿ, ಒಂದೊಂದಕ್ಕೂ ಪ್ರತ್ಯೇಕ ಸ್ವಿಚ್, ಇಗ್ನಿಷನ್ನಿಗೆ ಬೇರೆಯೇ ಬ್ಯಾಟರಿ ಇರಬೇಕೆಂಬುದು ಅನುಭವಿಗಳ ಅಭಿಮತ. ಎಂಜಿನಿನ ನಡುಕಕ್ಕೆ ಅಗ್ಗದ ಸ್ವಿಚ್ಚಿನ ಸಂಪರ್ಕ ಸಡಿಲಗೊಳ್ಳುತ್ತದೆ. ಗುಂಡಿ ಕಿತ್ತುಬಂದರೂ ವಿದ್ಯುತ್ ಹರಿಸುತ್ತಲೇ ಇರುವ ಎಲೆಕ್ಟ್ರಾನಿಕ್ ಸ್ವಿಚ್ ಉತ್ತಮ. ಇಗ್ನಿಷನ್ನಿನದು ಇದಕ್ಕೆ ತದ್ವಿರುದ್ಧ. ಸಂಕೇತ ತಪ್ಪಿದೊಡನೆ ಅದು ಎಂಜಿನನ್ನು ನಿಲ್ಲಿಸಬೇಕು.

2 ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ಚಾರ್ಜಾದಾಗ 8.4 ವೋಲ್ಟ್ ಕೊಡುತ್ತದೆ. ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ 6 ವೋಲ್ಟಿನ ಸರ್ವೋಗಳಿಗೆ ರೆಗ್ಯುಲೇಟರ್ ಇಲ್ಲದೆ ಜೋಡಿಸಿದರೆ ಅವು ಸುಟ್ಟಾವು. ಹಾರಾಟಕ್ಕೆ ಮುನ್ನ ಒಂದು ಸ್ವಿಚ್ ಆಫ್ ಮಾಡಿ, ಇನ್ನೊಂದೇ ಬ್ಯಾಟರಿಯಲ್ಲಿ ಎಲ್ಲ ಸರ್ವೋಗಳೂ ಕೆಲಸ ಮಾಡುತ್ತವೆಯೇ ಎಂದು ನೋಡುವುದು ಲೇಸು.